ಶಿವಪ್ಪ ಕೂರದ ಕುರ್ಚಿ

ಪುಣೆಯ ಹಡಪಸರ ಬಡಾವಣೆಯ ಗಾಡಿತಳದಲ್ಲಿ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಶೈಲಾ ಹೊಸಕೇರಿ ಎಂಬವಳು ಜನರ ಮನಸ್ಸಿಗೆ ಚಿಕಿತ್ಸೆ ಕೊಡುತ್ತಿದ್ದಳು. ಗೋಡೆಯ ಮೇಲೆ ಹನ್ನೊಂದು ಸರ್ಟಿಫಿಕೇಟುಗಳು. ಧಾರವಾಡದಿಂದ ಎಂ.ಎ. ಓದಲು ಪುಣೆಗೆ ಬಂದವಳು ಅವಳು; ಓದಿದ್ದು ಸಾಕಾಯಿತು ಅಂತ ಒಂದು ವರ್ಷವೂ ಅಂದವಳಲ್ಲ. ಮೊದಲು ಕನಸು ಬಿಡಿಸುವವರ ಹತ್ತಿರ ಕಲಿತಳು. ಕನಸು ಬಿಡು, ನಡತೆ ನೋಡು ಅನ್ನುವವರು ಬಂದರು, ಅವರ ಹತ್ತಿರ ಕಲಿತಳು. ನಡತೆಯ ಹಿಂದಿನ ವಿಚಾರ ತಿದ್ದಬೇಕು ಅನ್ನುವವರು ಬಂದಾಗ ಅವರ ಶಿಬಿರದಲ್ಲೂ ಮುಂದಿನ ಸಾಲಿನಲ್ಲೇ ಕೂತಳು. ತೊಂಬತ್ತರ ದಶಕದ ಪುಣೆಗೆ ಹೊಸ ಮಾದರಿಯ ಕಾರುಗಳು ಬಂದಷ್ಟೇ ಜೋರಾಗಿ ಹೊಸ ಪದ್ಧತಿಗಳೂ ಬರುತ್ತಿದ್ದವು: ಮೂರು ದಿನದ ಶಿಬಿರ, ಮಧ್ಯಾಹ್ನ ಹೋಟೆಲಿನ ಊಟ, ಕೊನೆಗೆ ಬಂಗಾರದ ಅಂಚಿನ ಕಾಗದ. ಗೆಳತಿಯರು ನಗುತ್ತಿದ್ದರು. ಶೈಲಾ ಅವರ ನಗೆಗೆ ಸೊಪ್ಪು ಹಾಕಿದವಳಲ್ಲ. ಇಪ್ಪತ್ತು ವರ್ಷ ಏನೂ ಓದದೆ, ಬಂದವರಿಗೆಲ್ಲ 'ಟೆನ್ಷನ್ ಮಾಡ್ಕೋಬ್ಯಾಡ್ರಿ' ಅಂದು ಗುಳಿಗೆ ಬರೆದು ಕಳಿಸುವ ದೊಡ್ಡ ಮಂದಿಯನ್ನು ಅವಳು ನೋಡಿದ್ದಳು. ಕಲಿಯದವನ ಕೈಯಲ್ಲಿ ಇನ್ನೊಬ್ಬರ ಮನಸ್ಸು ಕೊಡುವುದು, ಕುಡಿದವನ ಕೈಯಲ್ಲಿ ಕ್ಷೌರದ ಕತ್ತಿ ಕೊಟ್ಟಂತೆ ಅನ್ನುತ್ತಿದ್ದಳು.

ಹನ್ನೊಂದನೆಯ ಸರ್ಟಿಫಿಕೇಟು ಬಂದದ್ದು ೧೯೯೯ರ ಜೂನಿನಲ್ಲಿ, ಖಾಲಿ ಕುರ್ಚಿಯ ಪದ್ಧತಿಗೆ. ದುಃಖ ನುಂಗಿ ಕೂತವರ ಎದುರು ಒಂದು ಖಾಲಿ ಕುರ್ಚಿ ಇಡುವುದು. ತೀರಿಹೋದವರು ಅದರ ಮೇಲೆ ಕೂತಿದ್ದಾರೆ ಅಂದುಕೊಂಡು ಮಾತಾಡಿ ಅನ್ನುವುದು. ಬಾಯಿಗೆ ಬಾರದೆ ಉಳಿದದ್ದೆಲ್ಲ ಬರುತ್ತದೆ. ಶಿಬಿರದಲ್ಲಿ ಶೈಲಾ ತನ್ನ ಕಣ್ಣಾರೆ ನೋಡಿದ್ದಳು. ಒಬ್ಬ ಬ್ಯಾಂಕಿನ ಅಧಿಕಾರಿ ತನ್ನ ಸತ್ತ ತಂದೆಯ ಜೊತೆ ಜಗಳವಾಡಿ, ಅತ್ತು, ಹಗುರಾಗಿ ಎದ್ದು ಹೋಗಿದ್ದ. ಬಂದವಳೇ ಲಕ್ಷ್ಮೀ ರಸ್ತೆಯಲ್ಲಿ ಒಂದು ಬೆತ್ತದ ಕುರ್ಚಿ ಕೊಂಡಳು. ಜುಲೈ ಪೂರ್ತಿ ಆ ಕುರ್ಚಿ ಚೆನ್ನಾಗಿ ಕೆಲಸ ಮಾಡಿತು.

ಆಗಸ್ಟಿನಲ್ಲಿ ರುದ್ರವ್ವ ಬಂದಳು.

ಅವಳನ್ನು ಕಳಿಸಿದ್ದು ಸೋಲಾಪುರ ರಸ್ತೆಯ ಕುರಕುಂಭದ ಒಂದು ಬಣ್ಣದ ಕಾರ್ಖಾನೆ. ಅವಳ ಗಂಡ ಶಿವಪ್ಪ ಅಲ್ಲಿ ಬಣ್ಣ ಕಲಸುವ ಟಾಕಿಗಳ, ಅಂದರೆ ದೊಡ್ಡ ತೊಟ್ಟಿಗಳ, ಶೆಡ್ಡಿನಲ್ಲಿ ಒಂಬತ್ತು ವರ್ಷ ದುಡಿದವನು. ಜೂನಿನಲ್ಲಿ ಒಂದು ದಿನ, ರಾತ್ರಿ ಪಾಳಿ ಮುಗಿದರೂ ಬದಲಿ ಆಳು ಬಾರದೆ ಎರಡನೆಯ ಪಾಳಿಯನ್ನೂ ಮಾಡುತ್ತಿದ್ದಾಗ, ಮಧ್ಯಾಹ್ನ ಮೂರಕ್ಕೆ ಟಾಕಿಯೊಳಗೆ ಬಿದ್ದು ಸತ್ತ. ಹಿಂದೊಂದು ಮುಷ್ಕರದಲ್ಲಿ ಮಜೂರರು ಕಾದಾಡಿ ಬರೆಸಿಕೊಂಡ ಒಪ್ಪಂದವಿತ್ತು: ಕೆಲಸದ ಮೇಲೆ ಸತ್ತವನ ಮನೆಯವರೊಬ್ಬರಿಗೆ ಕೆಲಸ ಕೊಡಬೇಕು, ಅವರು ಮೈಯಿಂದಲೂ ಮನಸ್ಸಿನಿಂದಲೂ ಯೋಗ್ಯರಿದ್ದರೆ. ಆ 'ಇದ್ದರೆ' ಅನ್ನುವ ಸಂದಿಯಲ್ಲಿ ಕಂಪನಿ ಕಾಲಿಟ್ಟು ನಿಂತಿತ್ತು. ರುದ್ರವ್ವ ಗಂಡ ಸತ್ತಾಗಿನಿಂದ ಆಫೀಸಿನವರ ಎದುರು ತುಟಿ ಬಿಚ್ಚಿಲ್ಲ, ತಜ್ಞರು ನೋಡಿ ವರದಿ ಕೊಡಲಿ ಅಂತ ಶೈಲಾಳ ಹತ್ತಿರ ಕಳಿಸಿತ್ತು. ಎರಡು ಹೆಣ್ಣುಮಕ್ಕಳ ಅನ್ನ ಆ ಒಂದು ಕಾಗದಕ್ಕೆ ಅಂಟಿಕೊಂಡಿತ್ತು.

ಜೊತೆಗೆ ಬಂದವನು ಕಾರ್ಖಾನೆಯ ಕಲ್ಯಾಣ ಅಧಿಕಾರಿ ಸ್ವಪ್ನಿಲ್. ಪುಣೆಯಲ್ಲೇ ಹುಟ್ಟಿದ ಹುಡುಗ. ಅಪ್ಪ ವಿಜಾಪುರದ ಕಡೆಯಿಂದ ಬಂದ ಗುಮಾಸ್ತ, ಹಾಗಾಗಿ ಮನೆಮಾತು ಕನ್ನಡ. "ಮೇಡಂ, ಇವರದು ಇಂಡಿ ತಾಲೂಕು. ಮರಾಠಿ ಬರತದ, ಆದ್ರ ಮಾತಾಡಂಗಿಲ್ಲ. ನೀವು ನಮ್ಮ ಕಡೆಯವರು, ನಿಮ್ಮ ಕೂಡ ಬಾಯಿ ಬಿಡಬಹುದು ಅಂತ ನಾನ ಸಾಹೇಬರಿಗೆ ಹೇಳಿದೆ," ಅಂದು ಹೊರಗೆ ಹೋಗಿ ಕೂತ.

ರುದ್ರವ್ವನಿಗೆ ಮೂವತ್ನಾಲ್ಕು ಇರಬಹುದು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡಿದ್ದಳು. ಶೈಲಾ ನೀರು ಕೊಟ್ಟಳು, ಊರು ಕೇಳಿದಳು, ಮಕ್ಕಳ ಹೆಸರು ಕೇಳಿದಳು. ಒಂದೊಂದೇ ಪದದ ಉತ್ತರ ಬಂತು. ಆಮೇಲೆ ಬೆತ್ತದ ಕುರ್ಚಿಯನ್ನು ಅವಳ ಎದುರಿಗೆ ಎಳೆದಿಟ್ಟಳು.

"ರುದ್ರವ್ವ, ಈಗ ಇದರ ಮ್ಯಾಲ ನಿಮ್ಮ ಯಜಮಾನರು ಕುಂತಾರ ಅಂತ ತಿಳೀರಿ. ಅವರ ಹೆಸರ ಹಿಡದ ಕರೀರಿ. ಮನಸ್ಸಿನಾಗ ಇದ್ದದ್ದು ಹೇಳ್ರಿ."

ರುದ್ರವ್ವ ಕುರ್ಚಿ ನೋಡಿದಳು. ಶೈಲಾಳನ್ನು ನೋಡಿದಳು. ಮತ್ತೆ ಕುರ್ಚಿ ನೋಡಿದಳು. ಎದ್ದು ನಿಂತು, ಗೋಡೆಗೆ ಬೆನ್ನು ಹಚ್ಚಿ, ಉಳಿದ ನಲವತ್ತು ನಿಮಿಷ ಕಿಟಕಿಯಾಚೆ ಸೋಲಾಪುರ ರಸ್ತೆಯ ಲಾರಿಗಳನ್ನು ನೋಡುತ್ತ ನಿಂತಳು. ಮುಂದಿನ ಗುರುವಾರವೂ ಅದೇ. ಕುರ್ಚಿ ಕಂಡದ್ದೇ ಎದ್ದು ನಿಂತಳು.

ಅವತ್ತು ಸಂಜೆ ಶೈಲಾ ವರದಿ ಬರೆದಳು. ಶಿಬಿರದಲ್ಲಿ ಕಲಿಸಿದ ಭಾಷೆ ಕೈಗೆ ತಾನಾಗಿ ಬಂತು. ತೀವ್ರ ದುಃಖ, ಚಿಕಿತ್ಸೆಗೆ ಅಸಹಕಾರ, ಸದ್ಯ ಯಂತ್ರಗಳ ನಡುವೆ ಕೆಲಸ ಮಾಡಲು ಯೋಗ್ಯಳಲ್ಲ. ಬರೆಯುವಾಗ ಅವಳು ಒಮ್ಮೆಯೂ ಪೆನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು. ಸ್ವಪ್ನಿಲ್ ಬಂದು ಲಕೋಟೆ ಒಯ್ದ. "ಥ್ಯಾಂಕ್ಯೂ ಮೇಡಂ, ಭಾಳ ಲಗೂ ಮಾಡಿಕೊಟ್ರಿ," ಅಂದ. ಅವನ ದನಿಯಲ್ಲಿದ್ದ ಹಗುರ ಮಾತ್ರ ಅವಳ ಕಿವಿಯಲ್ಲಿ ಎರಡು ದಿನ ಕೂತಿತು. ಒಬ್ಬ ಹೆಂಗಸಿಗೆ ಕೆಲಸ ತಪ್ಪಿದ ಕಾಗದಕ್ಕೆ ಯಾರಾದರೂ ಹೀಗೆ ಖುಷಿಯಾಗುತ್ತಾರೆಯೇ?

ಸದಾಶಿವ ಪೇಟೆಯಲ್ಲಿ, ಮಾಧುರಿತಾಯಿಯ ಮನೆಯ ಪಡಸಾಲೆಯಲ್ಲಿ, ಶನಿವಾರ ಮಧ್ಯಾಹ್ನ ಏಳು ಜನ ಚಿಕಿತ್ಸಕರು ಸೇರುತ್ತಿದ್ದರು. ಎಂಟು ವರ್ಷದಿಂದ ನಡೆದುಬಂದ ಓದಿನ ಕೂಟ ಅದು. ಅದಕ್ಕೆ ಸರ್ಟಿಫಿಕೇಟು ಕೊಡುವವರಿಲ್ಲ. ಒಬ್ಬರು ಒಂದು ಲೇಖನ ಗಟ್ಟಿಯಾಗಿ ಓದಬೇಕು, ಉಳಿದವರು ಎಲ್ಲಿ ಬೇಕಾದರೂ ತಡೆದು, 'ಇದನ್ನ ಬರೆದವರು ಯಾರ ಎದುರು ಕೂತು ಬರೆದರು?' ಅಂತ ಕೇಳಬಹುದು. ಮತ್ತೊಂದು ಕಟ್ಟಳೆ ಇನ್ನೂ ಕಠಿಣ. ಕೂಟಕ್ಕೆ ಗೆದ್ದ ಕೇಸು ತರುವಂತಿಲ್ಲ, ಸೋತದ್ದನ್ನು ಮಾತ್ರ ತರಬೇಕು, ಹೆಸರು ಊರು ಬಿಟ್ಟು. ಗೆದ್ದ ಕೇಸು ಹೇಳಿಕೊಳ್ಳಲು ನೆಂಟರಿದ್ದಾರೆ ಅನ್ನುತ್ತಿದ್ದರು ಮಾಧುರಿತಾಯಿ. ಅರವತ್ತೆಂಟರ ಮುದುಕಿ, ಶೈಲಾಳಿಗೆ ಮೊದಲ ಪಾಠ ಹೇಳಿದವರು, ಹೊಗಳುವುದು ಗೊತ್ತೇ ಇಲ್ಲದವರು.

ಶೈಲಾ ಎರಡು ಪುಟ ಓದಿದಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ಪದ್ಧತಿಯ ಬಗ್ಗೆ ಹನ್ನೆರಡು ಸಾಲು ಬರೆದಿದ್ದೀಯ," ಮಾಧುರಿತಾಯಿ ಬೆರಳು ಮಡಿಚುತ್ತ ಅಂದರು, "ಆ ಹೆಂಗಸಿನ ಬಗ್ಗೆ ಒಂದೂವರೆ. ಅಸಹಕಾರ ಅಂತಿದೆಯಲ್ಲ, ಯಾರಿಗೆ? ನಿನಗೋ, ನಿನ್ನ ಕುರ್ಚಿಗೋ?"

ಯಾರೋ ನಕ್ಕರು. ಶೈಲಾಳ ಮುಖ ಕೆಂಪಾಯಿತು. ಆದರೆ ಅದೇ ಗಳಿಗೆಗೆ ತಲೆಯೊಳಗೆ ದೀಪ ಹತ್ತಿತು. ಧಾರವಾಡದಲ್ಲಿ ಅವಳ ಅವ್ವ ಗಂಡನ ಹೆಸರನ್ನು ಒಂದು ದಿನವೂ ಬಾಯಿಂದ ಆಡಿದವಳಲ್ಲ. ಮದುವೆ ಮುಂಜಿಯಲ್ಲಿ ಎಲ್ಲರೂ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಆ ಪ್ರಾಸದ ಸಾಲಿನಲ್ಲಿ ಹೆಸರನ್ನು ಅಡಗಿಸಿ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆ ಕಡೆಯ ಹೆಂಗಸಿಗೆ ಗಂಡನ ಹೆಸರು ಹಿಡಿದು ಕರಿ ಅಂದರೆ ಅವಳೇನು ಮಾಡಬೇಕು? ತಾನು ಆ ಮಣ್ಣಿನಲ್ಲೇ ಹುಟ್ಟಿ, ಅವ್ವನನ್ನು ಬಾಗಿಲ ಹೊರಗೆ ಬಿಟ್ಟು ಚಿಕಿತ್ಸೆಗೆ ಕೂತಿದ್ದಳು. ಶೈಲಾ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕೂಟ ಮೆಚ್ಚಿ ತಲೆದೂಗಿತು.

ಮಾಧುರಿತಾಯಿ ತೂಗಲಿಲ್ಲ. "ಉತ್ತರ ಸಿಕ್ಕವಳ ಮುಖ ಮಾಡಿದ್ದೀ. ಮೊದಲು ನೀನು ಪುಸ್ತಕ ಓದಿ ಅವಳನ್ನ ತಿಳಿದುಕೊಂಡೆ, ಈಗ ನಿಮ್ಮವ್ವನನ್ನ ಓದಿ ತಿಳಿದುಕೊಂಡೆ. ಅವಳನ್ನ ಯಾವಾಗ ಕೇಳ್ತೀ?"

ಗುರುವಾರ ಕಾರ್ಖಾನೆಗೆ ರಜೆ. ಶೈಲಾ ಹೇಳಿಕಳಿಸಿದ್ದಕ್ಕೆ ರುದ್ರವ್ವ ಈ ಸಲ ಒಬ್ಬಳೇ ಎಸ್.ಟಿ. ಬಸ್ಸು ಹತ್ತಿ ಬಂದಿದ್ದಳು. ಶೈಲಾಗೆ ಮುದುಕಿಯ ಮಾತು ನೆನಪಿತ್ತು, ಆದರೆ ಹೊಸದಾಗಿ ಸಿಕ್ಕ ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು.

"ರುದ್ರವ್ವ, ನಂದ ತಪ್ಪಾತು. ಯಜಮಾನರ ಹೆಸರ ನೀವು ಹೇಳೂದು ಬ್ಯಾಡ. ಹೇಳಬೇಕು ಅನಿಸಿದ್ರ ಒಡಪಿನಾಗ ಹೇಳ್ರಿ."

ರುದ್ರವ್ವ ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲಿರಬೇಕು, ಗಂಟಲಿಗೆ ಅದು ಒರಟಾಗಿ ತಾಗಿ ಹೊರಬಂತು.

"ಗಂಡ ಸತ್ತಾಕಿಗೆ ಒಡಪ ಹೇಳ ಅಂತೀರಲ್ಲ ಬಾಯಾರ. ಯಾವ ಸಾಲ್ಯಾಗ ಕಲತೀರಿ? ನಾ ಏನ ಮದವಿ ಹಂದರದಾಗ ಕುಂತೀನಿ? ಹೆಸರ ಹೇಳಾಕ ನನಗ್ಯಾತರ ಅಂಜಿಕಿ. ಶಿವಪ್ಪ. ಶಿವಪ್ಪ ಸಿದ್ದಲಿಂಗಪ್ಪ ತಳವಾರ. ಪೊಲೀಸ ಚೌಕ್ಯಾಗ ಮೂರ ಸರತಿ ಹೇಳೀನಿ. ದವಾಖಾನ್ಯಾಗ ಹೆಣಾ ಕೊಡೂ ಮುಂದ ಹೇಳೀನಿ. ನಿಮ್ಮ ಮುಂದ ಇನ್ನೊಮ್ಮಿ ಹೇಳಲೇನು?"

ಶೈಲಾ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ಮುಚ್ಚಿ ಕಪಾಟಿನ ಮೇಲಿಟ್ಟಳು. ಈಗ ಅವಳ ಹತ್ತಿರ ಪದ್ಧತಿಯೂ ಇರಲಿಲ್ಲ, ಅವ್ವನೂ ಇರಲಿಲ್ಲ.

"ಹಂಗಾರ ಯಾಕ ಮಾತಾಡಲಿಲ್ಲರಿ?"

"ನೀವು ಎಲ್ಲೆ ಕೇಳಿದ್ರಿ? ಕುರ್ಚಿ ಕೂಡ ಮಾತಾಡು ಅಂದ್ರಿ." ರುದ್ರವ್ವ ಬೆತ್ತದ ಕುರ್ಚಿಯ ಕಡೆ ಗದ್ದ ತೋರಿಸಿದಳು. "ಅಂವ ಕುರ್ಚಿ ಮ್ಯಾಲ ಕುಂತದ್ದು ನಾ ನೋಡೇ ಇಲ್ಲ. ಆ ಶೆಡ್ಡಿನಾಗ ಕುರ್ಚಿ ಇಡೂದಿಲ್ಲರಿ. ಸ್ಟೂಲ ಸುದ್ದಾ ಇಲ್ಲ. ಕುಂತರ ನಿದ್ದಿ ಬರತದ ಅಂತ ಸೂಪರವೈಜರ ಕಾನೂನು. ಒಂದ ಪಾಳಿ ಅಂದ್ರ ಎಂಟ ತಾಸ ನಿಂದರೂದು. ಬದಲಿ ಬರಲಿಲ್ಲಂದ್ರ ಹದಿನಾರ ತಾಸ. ಮನಿಗೆ ಬಂದ್ರ ಕಾಲು ಬಾತು ಬೋದಗಂಬ ಆಗಿರತಿದ್ದುವು, ಬಿಸಿನೀರಾಗ ಇಡತಿದ್ದೆ. ಒಮ್ಮಿ ಗೋಣಿತಟ್ಟ ನಾಕ ಮಡಿಕಿ ಮಾಡಿ ಹೊಲದ ಕೊಟ್ಟೆ, ಎಲ್ಲೆರೆ ಮೂಲ್ಯಾಗ ಹಾಕ್ಕೊಂಡ ಐದ ನಿಮಿಷ ಕುಂದರು ಅಂತ. ಅದನ್ನ ಆ ಸೂಪರವೈಜರ ಟಾಕ್ಯಾಗ ಒಗದ. ಆವಾಗಿಂದ ಟಾಕಿ ಕಟ್ಟಿ ಮ್ಯಾಲ ಬುಡ ಊರಿ ಕುಂದರತಿದ್ದ. ಮತ್ತೆಲ್ಲಿ ಕುಂದರಬೇಕು? ಅವತ್ತೂ ಹಂಗ ಕುಂತಿದ್ದ. ಕಣ್ಣಿಗೆ ಜೊಂಪು ಹತ್ತೇದ."

ಅವಳು ಉಸಿರು ತೆಗೆದುಕೊಂಡಳು.

"ಕಂಪನಿ ಕಾಗದದಾಗ ಬರದಾರ, ಕುಂದರಬಾರದ ಜಾಗಾದಾಗ ಕುಂತ ಸತ್ತ ಅಂತ. ಅದನ್ನ ಸ್ವಪ್ನಿಲ ಸಾಹೇಬ್ರು ಓದಿ ಹೇಳಿದ್ರು. ಅವರ ಆಫೀಸಿನಾಗೂ ಮೆತ್ತನ್ನ ಕುರ್ಚಿ ಕೊಟ್ಟು ಕುಂದರಿಸಿದ್ರು. ಇಲ್ಲೆ ಬಂದ್ರ ನೀವು ಕುರ್ಚಿ ತಂದು, ಇದರ ಮ್ಯಾಲ ನಿನ್ನ ಗಂಡನ್ನ ಕುಂದರಸು ಅಂದ್ರಿ. ಇದ್ದಾಗ ಕೊಡಲಿಲ್ಲ, ಸತ್ತ ಮ್ಯಾಲ ಕೊಡತಾರಲ್ಲ ಅನಿಸಿ ಹೊಟ್ಟ್ಯಾಗ ಕೆಂಡ ಬಿತ್ತು. ಬಾಯಿ ತಗದ್ರ ನಿಮಗ ಬೈತಿದ್ದೆ. ನೀವು ನನಗ ನೀರ ಕೊಟ್ಟಿದ್ರಿ. ಅದಕ್ಕ ಸುಮ್ಮನ ನಿಂತೆ."

ಶೈಲಾ ಬೆತ್ತದ ಕುರ್ಚಿಯನ್ನು ಗೋಡೆಯ ಬದಿಗೆ ಸರಿಸಿದಳು. ಕೆಳಗೆ ಗಾಡಿತಳದ ಬಸ್ಸುಗಳು ಕೂಗಿಕೊಳ್ಳುತ್ತಿದ್ದವು. ಇದರಲ್ಲಿ ರೋಗ ಎಲ್ಲಿತ್ತು? ಸಿಟ್ಟಿತ್ತು, ನ್ಯಾಯವಾದ ಸಿಟ್ಟು, ಅದನ್ನು ಹಲ್ಲು ಕಚ್ಚಿ ಹಿಡಿದ ಮರ್ಯಾದೆ ಇತ್ತು. ಅಂಥ ಮರ್ಯಾದೆಗೆ 'ಅಸಹಕಾರ' ಅಂತ ಹೆಸರಿಟ್ಟು, ಸಹಿ ಹಾಕಿ, ಲಕೋಟೆಯಲ್ಲಿಟ್ಟು ಕೊಂದವರ ಕೈಗೇ ಕೊಟ್ಟದ್ದು ತಾನು. ಬ್ಯಾಂಕಿನ ಅಧಿಕಾರಿಯ ಅಪ್ಪನಿಗೆ ಜೀವಮಾನವಿಡೀ ಕುರ್ಚಿಯಿತ್ತು; ಸತ್ತ ಮೇಲೆ ಅದು ಖಾಲಿಯಾಯಿತು. ಕುರ್ಚಿಯೇ ಇಲ್ಲದವನದು ಖಾಲಿಯಾಗುವುದು ಹೇಗೆ? ಪದ್ಧತಿ ಹುಟ್ಟಿಸಿದವರು ಯಾರ ಎದುರು ಕೂತು ಹುಟ್ಟಿಸಿದರು ಅನ್ನುವ ಪ್ರಶ್ನೆಯನ್ನು ಎಂಟು ವರ್ಷ ಬೇರೆಯವರ ಲೇಖನಗಳಿಗೆ ಕೇಳಿದ್ದಳು, ತನ್ನ ಕೈಯ ಕೆಲಸಕ್ಕೆ ಒಮ್ಮೆಯೂ ಕೇಳಿರಲಿಲ್ಲ.

ನಾಚಿಕೆಯಲ್ಲಿ ಮುಳುಗಿ ಕೂರುವ ಜಾತಿಯವಳಲ್ಲ ಶೈಲಾ. ಆ ಸಂಜೆಯೇ ಎರಡನೆಯ ವರದಿ ಬರೆದಳು. ಮೊದಲ ವರದಿ ತಪ್ಪು. ತಪ್ಪು ಚಿಕಿತ್ಸೆಯದು, ಬಂದವಳದಲ್ಲ. ಈಕೆಯ ಮನಸ್ಸು ನೆಟ್ಟಗಿದೆ, ದುಃಖ ಸಹಜವಾದದ್ದು, ಕೆಲಸಕ್ಕೆ ಪೂರ್ತಿ ಯೋಗ್ಯಳು. ಕೆಳಗೆ ಇನ್ನೊಂದು ಪ್ಯಾರಾ: ಈಕೆ ಯಾಕೆ ಸುಮ್ಮನಿದ್ದಳು, ಶೆಡ್ಡಿನಲ್ಲಿ ಏನಿರಲಿಲ್ಲ.

ಮಾರನೆಯ ದಿನ ಫೋನು ಮಾಡಿ ಓದಿ ಹೇಳಿದಾಗ, ಸ್ವಪ್ನಿಲ್ ತಾನೇ ಓಡಿ ಬಂದ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

"ಮೇಡಂ, ಕೆಳಗಿನ ಪ್ಯಾರಾ ತಗೀರಿ. ಮ್ಯಾಲಿಂದು ಇರಲಿ. ಯೋಗ್ಯ ಅಂದ್ರ ಯೋಗ್ಯ, ಒಪ್ಪಂದದ ಪ್ರಕಾರ ಕೊಡಲೇಬೇಕು, ಆರ್ಡರ್ ನಾ ಮಾಡಸತೀನಿ. ಆ ಪ್ಯಾರಾ ಇತ್ತಂದ್ರ ಸಾಹೇಬರು ಇನ್ನೊಬ್ಬ ಡಾಕ್ಟರ್ ಕಡೆ ಕಳಸತಾರ. ಅವರು ಏನ ಬರೀತಾರ ನಿಮಗ ಗೊತ್ತದ."

"ನಿಮ್ಮ ಸಾಹೇಬರಿಗೆ ಬೇಕಾದ್ದು ಬರಿಯೋರು ಭಾಳ ಮಂದಿ ಅದಾರ, ಗೊತ್ತದ."

"ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ. ನಾ ನೌಕರಿ ಮಾಡಾಂವ. ನಮ್ಮಪ್ಪನೂ ನೌಕರಿನ ಮಾಡಿದಾಂವ."

ಶೈಲಾಳ ಬಾಯಿಯ ತನಕ ದೊಡ್ಡ ಭಾಷಣವೊಂದು ಬಂತು. ಪ್ಯಾರಾ ತೆಗೆಯುವುದಿಲ್ಲ ಅಂದು, ಬಾಗಿಲು ತೋರಿಸಿ, ಶನಿವಾರದ ಕೂಟದಲ್ಲಿ ತಲೆ ಎತ್ತಿ ಹೇಳಬಹುದಿತ್ತು. ಆದರೆ ಈ ತಿಂಗಳಲ್ಲಿ ಅವಳು ಎರಡು ಸಲ ರುದ್ರವ್ವನ ಬದಲು ತಾನೇ ಉತ್ತರ ಕೊಟ್ಟಾಗಿತ್ತು. ಮೂರನೆಯ ಸಲ ಕೊಡಲು ಅವಳೇನು ಮೂರ್ಖಳಲ್ಲ.

"ಕೂಡ್ರಿ," ಅಂದಳು. "ಮಾತು ಅವರದು. ಅವರನ್ನ ಕೇಳಿ ಹೇಳತೀನಿ."

ಗುರುವಾರ ಕೇಳಿದಳು. ಏನೂ ಮುಚ್ಚಿಡದೆ ಕೇಳಿದಳು: ಪ್ಯಾರಾ ಇದ್ದರೆ ಕೆಲಸ ತಪ್ಪಬಹುದು, ತೆಗೆದರೆ ಸಿಗುತ್ತದೆ, ನೀವು ಹೇಳಿದಂತೆ.

ರುದ್ರವ್ವನಿಗೆ ಯೋಚನೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ತಗೀರಿ," ಅಂದಳು.

ಶೈಲಾಳ ಎದೆ ಸ್ವಲ್ಪ ಕುಸಿಯಿತು. ಅದು ಮುಖದ ಮೇಲೆ ಕಂಡಿರಬೇಕು.

"ಯಾಕ ಮಾರಿ ಸಣ್ಣ ಮಾಡತೀರಿ? ನಿಮ್ಮ ಕಾಗದದಾಗಿಂದು ತಗೀರಿ ಅಂದೆ, ನನ್ನ ಬಾಯಾಗಿಂದು ತಗೀರಿ ಅಂದ್ನೇನು? ಆ ಮಾತು ನಂದು. ನಾನ ಹೇಳತೀನಿ. ಮಂಗಳವಾರ ಕಮಿಟಿ ಕರದಾರ, ನಮ್ಮ ಮಜೂರ ಮಂದಿ ಕಡಿಂದ ಹುಸೇನಪ್ಪನೂ ಇರತಾನ. ನೀವು ಯೋಗ್ಯ ಅಂತ ಬರದದ್ದು ಮೊದಲ ಅವರ ಕೈಯಾಗ ಇಡ್ರಿ. ಆಮ್ಯಾಲ ನಾ ಬಾಯಿ ತಗೀತೀನಿ. ಆವಾಗ ಹುಚ್ಚಿ ಅನ್ನಾಕ ಬರೂದಿಲ್ಲ ಹೌದಿಲ್ಲೋ?"

ಶೈಲಾ ಅವಳನ್ನೇ ನೋಡಿದಳು. ಇಷ್ಟು ಚೊಕ್ಕ ಯೋಜನೆಯನ್ನು ತನ್ನ ಹನ್ನೊಂದು ಸರ್ಟಿಫಿಕೇಟುಗಳು ಸೇರಿಯೂ ಹಾಕಿಕೊಡಲಾರವು.

"ಹೌದು," ಅಂದಳು. "ಬರೂದಿಲ್ಲ."

ಮಂಗಳವಾರ ಕುರಕುಂಭದಲ್ಲಿ, ಗಾಳಿಗೆ ಘಾಟು ಹಿಡಿದ ಆ ಕಾರ್ಖಾನೆಯ ಆಫೀಸಿನಲ್ಲಿ, ಮೇಜಿನ ಆಚೆ ಮ್ಯಾನೇಜರ್, ಪಕ್ಕಕ್ಕೆ ಸ್ವಪ್ನಿಲ್, ಈಚೆಗೆ ಮಜೂರರ ಪ್ರತಿನಿಧಿ ಹುಸೇನಪ್ಪ. ಬಿಳಿಮೀಸೆಯ ಹುಸೇನಪ್ಪ ಸಭೆಯ ನಡಾವಳಿ ಬರೆಯುವ ಪುಸ್ತಕ ತೊಡೆಯ ಮೇಲಿಟ್ಟುಕೊಂಡಿದ್ದ. ಶೈಲಾ ಕೆಳಗಿನ ಪ್ಯಾರಾ ತೆಗೆದ ವರದಿ ಕೊಟ್ಟಳು. ಮ್ಯಾನೇಜರ್ ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಮರಾಠಿಯಲ್ಲಿ ಕೇಳಿದ:

"ಇದರಲ್ಲಿ ಯಾವುದು ಖರೆ, ಮೇಡಂ?"

"ಎರಡನೆಯದು. ಮೊದಲನೆಯದು ನನ್ನ ತಪ್ಪು."

"ಹಾಗಾದರೆ ಮುಂದಿನ ತಿಂಗಳು ಮೂರನೆಯದು ಬರಬಹುದು."

"ಹೊಸದಾಗಿ ಏನಾದರೂ ತಿಳಿದರೆ ಖಂಡಿತ ಬರೀತೀನಿ. ನನ್ನ ಕೆಲಸ ನಡೆಯುವುದೇ ಹಾಗೆ. ಒಮ್ಮೆ ಬರೆದದ್ದನ್ನ ಸಾಯುವ ತನಕ ತಿದ್ದದ ತಜ್ಞರು ಬೇಕಿದ್ದರೆ ಪುಣೆಯಲ್ಲಿ ಸಿಗುತ್ತಾರೆ. ಆದರೆ ಇವತ್ತಿನ ಮಟ್ಟಿಗೆ ನಿಮ್ಮ ಕಮಿಟಿ ನೇಮಿಸಿದ ತಜ್ಞೆ ನಾನು, ಇದು ನನ್ನ ಸಹಿ."

ಹುಸೇನಪ್ಪ ಕೆಮ್ಮಿದ. "ಯೋಗ್ಯ ಅಂತ ಬಂದದ ಸಾಹೇಬ. ನಾ ಬರಕೊಂಡೆ."

ಆಗ ರುದ್ರವ್ವ ಎದ್ದು ನಿಂತಳು. ಅವಳು ಮಾತಾಡಿದ್ದು ಕನ್ನಡದಲ್ಲಿ, ಸಾವಕಾಶವಾಗಿ, ಒಂದೊಂದು ಮಾತನ್ನೂ ಮೇಜಿನ ಮೇಲೆ ಇಟ್ಟಂತೆ. ಎಂಟು ತಾಸು, ಹದಿನಾರು ತಾಸು, ಗೋಣಿತಟ್ಟು, ಟಾಕಿಯ ಕಟ್ಟೆ. "ಕುಂದರಬಾರದ ಜಾಗಾದಾಗ ಕುಂತಿದ್ದ ಅಂತ ಬರದೀರಿ. ಖರೇನ ಅದ. ಕುಂದರಬೇಕಾದ ಜಾಗಾ ಯಾವುದಿತ್ತು, ಅದನ್ನೂ ಒಂದ ಸಾಲ ಬರೀರಿ."

ಮ್ಯಾನೇಜರ್ ಸ್ವಪ್ನಿಲನ ಕಡೆ ತಿರುಗಿದ. ಸ್ವಪ್ನಿಲ್ ಗಂಟಲು ಸರಿಮಾಡಿಕೊಂಡು, ಇವರಿಗೆ ಸುರಕ್ಷತೆಯ ಬಗ್ಗೆ ಸ್ವಲ್ಪ ಬೇಸರವಿದೆ ಅಂತ ಮರಾಠಿಯಲ್ಲಿ ಮುಗಿಸಿದ.

"ಸ್ವಪ್ನಿಲ ಸಾಹೇಬ್ರ," ರುದ್ರವ್ವ ಅಂದಳು, "ನಾ ಇಷ್ಟುದ್ದ ಹೇಳಿದೆ, ನೀವು ಇಷ್ಟ ಹೇಳಿದ್ರಿ. ನಡುವಿಂದು ಎಲ್ಲೆ ಹೋತು?"

ಹುಸೇನಪ್ಪ ಮೀಸೆಯೊಳಗೆ ನಕ್ಕ. ಸ್ವಪ್ನಿಲ್ ತನ್ನ ಕೈ ನೋಡಿಕೊಂಡ. ಅವಳು ಹೇಳಿದ್ದು ಅವನ ಅಪ್ಪನ ಭಾಷೆಯಲ್ಲೇ. ತಿಳಿಯಲಿಲ್ಲ ಅನ್ನುವ ಹಾಗಿರಲಿಲ್ಲ. ಆಮೇಲೆ ತಲೆ ಎತ್ತದೆ, ಒಂದು ಮಾತೂ ಬಿಡದೆ, ಗೋಣಿತಟ್ಟನ್ನು ಟಾಕಿಗೆ ಎಸೆದದ್ದನ್ನೂ ಸೇರಿಸಿ, ಮರಾಠಿಯಲ್ಲಿ ಹೇಳಿದ. ಕೋಣೆಯಲ್ಲಿ ಹುಸೇನಪ್ಪನ ಪೆನ್ನು ಮಾತ್ರ ಓಡುತ್ತಿತ್ತು.

ಮ್ಯಾನೇಜರ್ ಹುಸೇನಪ್ಪನ ಪುಸ್ತಕ ನೋಡಿದ, ವರದಿ ನೋಡಿದ, ಕೊನೆಗೆ ಪ್ಯಾಕಿಂಗ್ ವಿಭಾಗಕ್ಕೆ ರುದ್ರವ್ವನ ನೇಮಕದ ಕಾಗದಕ್ಕೆ ಸಹಿ ಹಾಕಿದ. ಬೇರೆ ದಾರಿ ಒಪ್ಪಂದದಲ್ಲಿ ಉಳಿದಿರಲಿಲ್ಲ. ಶೆಡ್ಡಿನ ವಿಷಯ ಆಮೇಲೆ ಪರಿಶೀಲಿಸೋಣ ಅಂದ. "ಆಮ್ಯಾಲ ಅಂದ್ರ ಯಾವತ್ತು?" ಅಂತ ಹುಸೇನಪ್ಪ ಕೇಳಿ, ತಾರೀಖು ಹೇಳಿಸಿ, ಅದನ್ನೂ ಬರೆದುಕೊಂಡ.

ಹೊರಗೆ ಗೇಟಿನ ತನಕ ಸ್ವಪ್ನಿಲ್ ಜೊತೆಗೆ ಬಂದ. "ಮೇಡಂ, ಇನ್ನ ಮ್ಯಾಲ ನಿಮ್ಮನ್ನ ಕರಿಯೂದಿಲ್ಲ ಅನಸತದ," ಅಂದ.

"ಕರೀಬ್ಯಾಡ್ರಿ. ನಿಮಗೇನರೆ ಹೇಳಿಕೊಳ್ಳೂದು ಇದ್ರ ನೀವ ಬರ್ರಿ."

ಆ ಶನಿವಾರ ಶೈಲಾ ಕೂಟದಲ್ಲಿ ಕೇಸನ್ನು ಪೂರ್ತಿ ಹೇಳಿದಳು, ರುದ್ರವ್ವನನ್ನು ಕೇಳಿಯೇ. ಇದು ಗೆದ್ದ ಕೇಸಲ್ಲವೇ, ಕಟ್ಟಳೆ ಮುರಿದಂತಾಯಿತು ಅಂತ ಒಬ್ಬರು ತಕರಾರು ತೆಗೆದರು. "ಗೆದ್ದದ್ದು ಅವಳು," ಅಂದಳು ಶೈಲಾ, "ನಾನು ಸೋತದ್ದು ಹಾಗೇ ಇದೆ, ಬರ್ಕೊಳ್ಳಿ." ಮಾಧುರಿತಾಯಿ ಹೊಗಳಲಿಲ್ಲ; ಮುಂದಿನ ವಾರ ಓದಲು ಇಪ್ಪತ್ತು ಪುಟದ ಲೇಖನ ಅವಳ ಕೈಗೆ ಹಾಕಿದರು.

ಸೆಪ್ಟೆಂಬರಿನ ಎರಡನೆಯ ಗುರುವಾರ, ಯಾರೂ ಹೇಳಿಕಳಿಸದೆ, ರುದ್ರವ್ವ ಮೆಟ್ಟಿಲು ಹತ್ತಿ ಬಂದಳು. ಕಂಪನಿಯ ಕಾಗದದ ಕೆಲಸ ಮುಗಿದಿತ್ತು, ಬರಬೇಕಾದ ಕಾರಣ ಇರಲಿಲ್ಲ. ಚಾಪೆ ಎಲ್ಲಿದೆ ಅಂತ ಕೇಳಿ, ತಾನೇ ಹಾಸಿಕೊಂಡು ಕೂತಳು. ಶೈಲಾಳೂ ಕೆಳಗೆ ಎದುರಿಗೆ ಕೂತಳು.

"ಈ ಮೂರ ತಿಂಗಳ ಅಳಾಕ ಪುರುಸೊತ್ತ ಇರಲಿಲ್ಲರಿ," ಅಂದಳು ರುದ್ರವ್ವ. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. "ಅತ್ರ ಹುಚ್ಚಿ ಅಂತಿದ್ರು, ಅಳದಿದ್ರ ಕಲ್ಲು ಅಂತಿದ್ರು. ಈಗ ಕೆಲಸ ಸಿಕ್ಕತು. ಇನ್ನ ಅಳಬೇಕು. ಎಷ್ಟ ಹೊತ್ತ ಅದ ನಿಮ್ಮ ಕಡೆ?"

"ಐವತ್ತ ನಿಮಿಷ."

"ಸಾಲೂದಿಲ್ಲ."

"ಹಂಗಾರ ಮುಂದಿನ ಗುರುವಾರನೂ ಬರ್ರಿ," ಅಂದಳು ಶೈಲಾ, ಮತ್ತು ಬಾಯಿ ಮುಚ್ಚಿ ಕೇಳಲು ಕೂತಳು.